ನೆರಳಿನಲ್ಲಿಟ್ಟ ಬಿಸಿಲುಗಲ್ಲು

ಮಕ್ಕಳೇ, ಒಂದು ಕಾಡಿನಲ್ಲಿ ನವಿಲುಗುಡ್ಡ, ಹೊಳೆಗುಡ್ಡ, ಕರೀಗುಡ್ಡ ಎಂಬ ಮೂರು ಗುಡ್ಡಗಳಿದ್ದವು. ಅಲ್ಲಿಯ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಪ್ರಾಣಿಗಳೆಲ್ಲ ಬಿದ್ದ ಮರಗಳನ್ನು ಸುಟ್ಟು ಬಿಲ ಬೆಚ್ಚಗಿಡುತ್ತಿದ್ದವು. ಮರಗಳು ಮುಗಿಯುತ್ತ ಬಂದಾಗ ಹೊಸ ಉಪಾಯ ಹೊಳೆಯಿತು. ಹಗಲೆಲ್ಲ ಕಲ್ಲುಗಳನ್ನು ಬಿಸಿಲಿಗಿಟ್ಟು, ಸಂಜೆ ಬಿಲದೊಳಗೆ ಉರುಳಿಸಿಕೊಳ್ಳುವುದು. ಬಿಸಿಲು ಮುಗಿಯುವುದಿಲ್ಲವಲ್ಲ!

ಪ್ರತಿವರ್ಷ ಕಾಗೆ ಮೂರೂ ಗುಡ್ಡ ಸುತ್ತಿ, ಬಿಸಿಲುಗಲ್ಲುಗಳನ್ನು ಎಣಿಸಿ ಕೂಗಿ ಹೇಳುತ್ತಿತ್ತು. ಮೊದಲ ವರ್ಷ ಎಲ್ಲ ಕಡೆಯೂ ಐದೈದು. ಮೂರನೆಯ ವರ್ಷ, "ನವಿಲುಗುಡ್ಡ ಅರವತ್ತು! ಹೊಳೆಗುಡ್ಡ ನಲವತ್ತು! ಕರೀಗುಡ್ಡ... ಐದೇ!"

ಕರೀಗುಡ್ಡದ ಯಜಮಾನ, ಮುಳ್ಳುಹಂದಿ ಮುಳ್ಳಪ್ಪನಿಗೆ ಮೈಯೆಲ್ಲ ಉರಿಯಿತು. ಮರುವರ್ಷ ನೂರು ಕಲ್ಲು ತರಿಸಿದ. ಇಡಿಸಿದ್ದೆಲ್ಲಿ? ಕಾಗೆಗೆ ಚೆನ್ನಾಗಿ ಕಾಣಲೆಂದು ಅದು ಕೂರುವ ಆಲದ ಮರದ ಕೆಳಗೆ, ದಟ್ಟ ನೆರಳಿನಲ್ಲಿ!

ಮೊಲ ಬೆಳ್ಳಕ್ಕನಿಗೆ ಆಗಷ್ಟೇ ಎರಡು ಮರಿಗಳಾಗಿದ್ದವು. ಚಳಿ ನೆನೆದು ಅವಳಿಗೆ ಮೇವು ರುಚಿಸುತ್ತಿರಲಿಲ್ಲ.

"ಯಜಮಾನರೇ, ಕಲ್ಲಿಗೆ ಬಿಸಿಲೇ ಬೀಳ್ತಿಲ್ಲ. ಕಲ್ಲು ಇದೆಯಲ್ಲ ಅಂತ ಎಲ್ಲರೂ ಹೋದ ವರ್ಷಕ್ಕಿಂತ ಹೆಚ್ಚು ಸೌದೆ ಸುಡ್ತಿದ್ದಾರೆ. ಉಳಿದಿರೋದು ಒಂದೇ ದಿಮ್ಮಿ. ನನ್ನ ಮರಿಗಳ ಗತಿ ಏನು?"

"ಸುಮ್ನಿರಮ್ಮ! ಕಾಗೆ ಎಣಿಸಿ ಹೋಗಲಿ, ಆಮೇಲೆ ಸರಿಸೋಣ. ಈ ಸಲ ನಾವೇ ಮೊದಲು!"

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ," ಎಂದು ಗೊಣಗುತ್ತ ಬೆಳ್ಳಕ್ಕ ಒಂದು ಕಲ್ಲನ್ನು ಬಿಸಿಲಿಗೆ ತಳ್ಳಹೋದಳು.

"ಮುಟ್ಟಬೇಡ! ಸಾಲು ಕೆಡುತ್ತೆ!" ಎಂದು ಮುಳ್ಳಪ್ಪ ಗದರಿದ.

ಕಾಗೆ ಬಂತು. "ಕರೀಗುಡ್ಡ ನೂರು! ಈ ಸಲ ಇದೇ ಮೊದಲು!" ಎಂದು ಕೂಗಿತು. ಮುಳ್ಳಪ್ಪ ಮುಳ್ಳು ನಿಮಿರಿಸಿಕೊಂಡು ಗುಡ್ಡವೆಲ್ಲ ಓಡಾಡಿದ.

ಮರುದಿನ ಮಧ್ಯಾಹ್ನಕ್ಕೇ ಚಳಿಗಾಳಿ ಬೀಸಿತು. ಕೊನೆಯ ದಿಮ್ಮಿ ಬೂದಿಯಾಯಿತು. ಗಾಬರಿಯಿಂದ ಕಲ್ಲುಗಳನ್ನು ಬಿಲದೊಳಗೆ ಉರುಳಿಸಿದರು. ಒಂದೊಂದೂ ತಣ್ಣಗೆ ಕೊರೆಯುತ್ತಿತ್ತು! ಬಿಲ ಇನ್ನಷ್ಟು ತಣ್ಣಗಾಯಿತು. ನಡುಗುತ್ತಿದ್ದ ಮರಿಗಳಲ್ಲಿ ಒಂದು ನಡುಗುವುದನ್ನೂ ನಿಲ್ಲಿಸಿತು.

ಬೆಳ್ಳಕ್ಕ ಅದನ್ನು ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದರತ್ತ ನೋಡಿದಳು. ಇರುವುದು ಒಂದೇ ಬಾಯಿ. ಅವಳ ಕಣ್ಣು ತುಂಬಿತು. ಮುಳ್ಳಪ್ಪ ಎರಡನೆಯ ಮರಿಯನ್ನು ಮೆಲ್ಲಗೆ ಕಚ್ಚಿಕೊಂಡು ನವಿಲುಗುಡ್ಡದತ್ತ ಹೊರಟ ಅವಳ ಹಿಂದೆ ಓಡಿದ.

ನವಿಲುಗುಡ್ಡದವರು ತಮ್ಮ ಬಿಸಿ ಕಲ್ಲುಗಳ ನಡುವೆ ಜಾಗ ಮಾಡಿಕೊಟ್ಟರು. ಬೆಳ್ಳಕ್ಕ ಹೊತ್ತು ತಂದಿದ್ದ ಮರಿ ಸ್ವಲ್ಪ ಹೊತ್ತಿಗೆ ಕಾಲಾಡಿಸಿತು.

ಅಷ್ಟರಲ್ಲಿ ಕಾಗೆ ಇಣುಕಿ ಕೇಳಿತು: "ಏನು ಮುಳ್ಳಪ್ಪ, ಮೊದಲು ಬಂದ ಗುಡ್ಡದ ಯಜಮಾನರು ಇಲ್ಲಿ?"

ಮುಳ್ಳಪ್ಪನ ಬಾಯಲ್ಲಿ ಇನ್ನೂ ಮರಿಯಿತ್ತು. ಅವನು ತಲೆ ತಗ್ಗಿಸಿ, ಅದನ್ನು ಮೆಲ್ಲಗೆ ಬಿಸಿ ಕಲ್ಲಿನ ಪಕ್ಕ ಇಳಿಸಿದ.

ನೀತಿ: ತೋರಿಕೆಗೆ ಇಟ್ಟದ್ದು ಕಷ್ಟಕಾಲಕ್ಕೆ ಒದಗುವುದಿಲ್ಲ, ಬಳಕೆಗೆ ತಂದದ್ದಷ್ಟೇ ಕಾಯುತ್ತದೆ.