ಕಂಬಳಿಯ ನಾಲ್ಕು ಮೂಲೆ

"ಗುರುಗಳೇ, ತಿಳಿಯದವರು ತಿಳಿದವರನ್ನು ಪ್ರಶ್ನೆ ಮಾಡಬಹುದೇ?"

ಕೇಳಿದವನು ಅಡವೀಶ. ಹನ್ನೊಂದು ವರ್ಷ ಮಠದಲ್ಲಿ ಓದಿ, ಈಗ ಅದೇ ಮಠದ ಪಡಸಾಲೆಯಲ್ಲಿ ಊರಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಶಿಷ್ಯ. ಮಾಡಬಾರದು ಎಂಬ ಉತ್ತರವನ್ನು ಅವನು ಮನಸ್ಸಿನಲ್ಲಿ ಮೊದಲೇ ಸಿದ್ಧ ಮಾಡಿಕೊಂಡು ಬಂದಿದ್ದ. ಗುರುಗಳ ಬಾಯಿಂದ ಅದನ್ನು ಕೇಳಿಸಿಕೊಂಡರೆ ಸಾಕಾಗಿತ್ತು.

ಅದಕ್ಕೆ ಕಾರಣ ಬೆಳಿಗ್ಗೆ ನಡೆದ ಸಂಗತಿ. ಮಠಕ್ಕೆ ಪತ್ರಾವಳಿ ಹಚ್ಚಿಕೊಡುವ ಸಂಕವ್ವ ಪಡಸಾಲೆಯ ಕಂಬದ ಹತ್ತಿರ ಬಂದು ನಿಂತಿದ್ದಳು. ತನ್ನ ಮೊಮ್ಮಗಳು ಮೂರು ವರ್ಷದಿಂದ ಪಾಠಕ್ಕೆ ಬರುತ್ತಿದ್ದಾಳೆ, ಎಲ್ಲರ ಜೊತೆ ಕೂತಾಗ ಸರಾಗವಾಗಿ ಹೇಳುತ್ತಾಳೆ, ಮನೆಯಲ್ಲಿ ಒಬ್ಬಳೇ ಕೂತರೆ ಒಂದಕ್ಷರವೂ ಹೊರಡುವುದಿಲ್ಲ, ಅದು ಯಾಕೆ ಎಂದು ಕೇಳಿದ್ದಳು. ನಿನಗೆ ಅಕ್ಷರ ಬರುತ್ತದೆಯೇ ಎಂದು ಅಡವೀಶ ಅವಳನ್ನೇ ತಿರುಗಿ ಕೇಳಿದ್ದ. ಬರುವುದಿಲ್ಲ ಎಂದಳು. ಹಾಗಾದರೆ ಮೊದಲು ಕಲಿತುಕೊಂಡು ಬಾ, ಆಮೇಲೆ ನನ್ನನ್ನು ಕೇಳುವೆಯಂತೆ ಎಂದುಬಿಟ್ಟ. ಸಂಕವ್ವ ತಲೆ ತಗ್ಗಿಸಿ, ಪತ್ರಾವಳಿಯ ಕಟ್ಟನ್ನು ಅಡುಗೆಮನೆ ಬಾಗಿಲಲ್ಲಿ ಇಟ್ಟು ಹೊರಟುಹೋಗಿದ್ದಳು.

ಇಷ್ಟನ್ನೂ ಅಡವೀಶ ಗುರುಗಳಿಗೆ ಹೇಳಲಿಲ್ಲ. ಪಡಸಾಲೆಯ ಮಾತು ಗುರುಗಳ ಕೋಣೆಗೆ ಕೇಳಿಸುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಪ್ರಶ್ನೆಯನ್ನು ಮಾತ್ರ ಚೊಕ್ಕಟ ಮಾಡಿ ಮುಂದಿಟ್ಟ.

ಗುರುಗಳು ಸಂತೆಯಲ್ಲಿ ಎಂದಾದರೂ ಕಂಬಳಿ ಕೊಂಡಿದ್ದೀಯಾ ಎಂದು ಕೇಳಿದರು. ಇಲ್ಲ, ಮಠದಲ್ಲಿ ಕೊಟ್ಟದ್ದನ್ನೇ ಹೊದ್ದುಕೊಂಡಿದ್ದೇನೆ ಎಂದ ಅಡವೀಶ. ಹಾಗಾದರೆ ಕೂತುಕೋ ಎಂದು ಗುರುಗಳು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಕಂಬಳಿ ನೇಯುವವನೊಬ್ಬ ಇದ್ದ. ಮಗ್ಗ ಅವನದು, ಉಳಿದದ್ದೆಲ್ಲ ಅವನ ಹೆಂಡತಿಯದು. ಉಣ್ಣೆ ಬಿಡಿಸುವವಳು ಅವಳು, ನೂಲುವವಳು ಅವಳು. ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹರಡುವವಳೂ ಅವಳೇ. ಗಂಜಿ ಕುಡಿದ ಕಂಬಳಿ ಗಡುಸಾಗಿ ನಿಲ್ಲುತ್ತದೆ, ನೋಡಲು ಲಕ್ಷಣವಾಗಿರುತ್ತದೆ. ಆದರೆ ಗಂಜಿಗೆ ಇನ್ನೊಂದು ಗುಣವೂ ಇದೆ. ನೂಲು ತೆಳುವಾದ ಕಡೆ, ನೇಯ್ಗೆ ಸಡಿಲವಾದ ಕಡೆ ಒಂದು ಕೈ ಹೆಚ್ಚಿಗೆ ಬಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಮಳೆಗೆ ಗಂಜಿ ತೊಳೆದುಹೋದಾಗಲೇ ಅದರ ಬಣ್ಣ ಬಯಲಾಗುವುದು. ಕಂಬಳಿ ಮಾಡುವ ಮನೆಯವರಿಗೆಲ್ಲ ಈ ಗುಟ್ಟು ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಆ ಹೆಣ್ಣುಮಗಳಿಗೆ ಓದು ಬರುತ್ತಿರಲಿಲ್ಲ. ಒಮ್ಮೆ ಅವಳ ಅಣ್ಣ ಒಂದು ಕಾಗದ ಬರೆಸಿ ಕಳಿಸಿದ್ದ. ಊರಿನಲ್ಲಿ ಓದಬಲ್ಲವರು ಮೂವರು, ಮೂವರೂ ಆಗ ಬೇರೂರಿನ ಮದುವೆಗೆ ಹೋಗಿದ್ದರು. ಅವಳು ನಾಲ್ಕು ದಿನ ಕಾಗದವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡಿದಳು. ತಾಯಿಗೆ ಹುಷಾರಿಲ್ಲ, ನಿನ್ನ ಹೆಸರು ಹೇಳುತ್ತಿದ್ದಾಳೆ, ಕೂಡಲೇ ಬಾ ಎಂದು ಅದರಲ್ಲಿತ್ತು. ಓದಿಸಿಕೊಂಡು ಹೋಗುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಆ ಸಂಕಟ ಅವಳ ಹೊಟ್ಟೆಯಲ್ಲಿ ಹಾಗೇ ಉಳಿಯಿತು. ಇದ್ದ ಒಬ್ಬಳೇ ಮಗಳನ್ನು ಶಾಲೆಗೆ ಹಾಕಿದ್ದು ಅದಕ್ಕೇ.

ಊರ ಶಾಲೆ ನಾಲ್ಕು ವರ್ಷದ್ದು. ನಾಲ್ಕನೆಯ ವರ್ಷ ಮುಗಿಯಲು ಇನ್ನು ಐದು ತಿಂಗಳು ಉಳಿದಿತ್ತು. ಅದು ಮುಗಿದರೆ ಹುಡುಗಿ ರಾಟೆಯ ಮುಂದೆ ಕೂರಬೇಕು, ಮತ್ತೆ ಕಲಿಸುವವರು ಯಾರೂ ಇಲ್ಲ.

ಒಂದು ಮಧ್ಯಾಹ್ನ ತಾಯಿ ನೂಲುತ್ತಿದ್ದಳು, ಮಗಳು ಪಕ್ಕದಲ್ಲಿ ಕೂತು ಪುಸ್ತಕ ಓದುತ್ತಿದ್ದಳು. ಸಾಲಿನ ಮೇಲೆ ಬೆರಳಿಟ್ಟು, ತಡವರಿಸದೆ, ನೀರು ಹರಿದ ಹಾಗೆ ಓದುತ್ತಿದ್ದಳು. ಹಾಳೆ ತಿರುವುವಾಗ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡವು. ಹುಡುಗಿ ಅದನ್ನು ಗಮನಿಸಲಿಲ್ಲ. ಓದು ಎಲ್ಲೂ ಕಡಿಯದೆ ಮುಂದೆ ಹೋಯಿತು.

ತಾಯಿಯ ರಾಟೆ ನಿಂತಿತು. ಎರಡು ಹಾಳೆ ಬಿಟ್ಟುಹೋದರೆ ಮಾತೂ ಬಿಟ್ಟುಹೋಗಬೇಕಲ್ಲ ಎಂದು ಅವಳಿಗೆ ಸೋಜಿಗವಾಯಿತು. ಪುಸ್ತಕವನ್ನು ಈಸಿಕೊಂಡು, ನಡುವೆ ಎಲ್ಲೋ ತೆರೆದು, ಇದನ್ನು ಓದು ಎಂದಳು. ಹುಡುಗಿ ಹಾಳೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಮತ್ತೆ ಮೊದಲ ಪಾಠದಿಂದ ಶುರು ಮಾಡಿದಳು.

ಮರುದಿನ ತಾಯಿ ಶಾಲೆಯ ಗೋಡೆಯ ಹಿಂದೆ ಹೋಗಿ ನಿಂತಳು. ಒಳಗೆ ಮಕ್ಕಳೆಲ್ಲ ಒಂದೇ ಕಂಠದಲ್ಲಿ ಪಾಠ ಹೇಳುತ್ತಿದ್ದರು. ದಾರಿಯಲ್ಲಿ ಹೋಗುವವರೂ ನಿಂತು ತಲೆದೂಗುವಂತಿತ್ತು. ಅಲ್ಲಿ ಮಗಳ ದನಿ ಯಾವುದು ಎಂದು ಅವಳು ಕಿವಿಗೊಟ್ಟು ಹುಡುಕಿದಳು, ಸಿಗಲಿಲ್ಲ. ಬಹಳ ಹೊತ್ತು ಕೇಳಿದ ಮೇಲೆ ಒಂದು ಗೊತ್ತಾಯಿತು. ಮೂವರು ಮಾತ್ರ ಮಾತನ್ನು ಎತ್ತುತ್ತಿದ್ದರು, ಉಳಿದವರು ಅರೆಗಳಿಗೆ ತಡವಾಗಿ ಅದನ್ನು ಹಿಡಿದುಕೊಳ್ಳುತ್ತಿದ್ದರು. ಅವಳಿಗೆ ತನ್ನ ಗಂಜಿಯ ಗಡಿಗೆ ನೆನಪಾಯಿತು.

ಗಂಡನಿಗೆ ಹೇಳಿದಳು. ಅವನು ಲಾಳಿ ಕೆಳಗಿಟ್ಟು, ನಮಗೆ ಅಕ್ಷರದ ಗಂಧವಿಲ್ಲ, ಮಾಸ್ತರರಿಗೆ ಬುದ್ಧಿ ಹೇಳಲು ಹೋದರೆ ಊರೆಲ್ಲ ನಗುತ್ತದೆ ಎಂದ. ಅವನ ಮಾತು ಅವಳಿಗೂ ಸರಿಯೆನಿಸಿತು, ಆದರೂ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಒಂದು ದಿನ ಶಾಲೆಯ ಬಾಗಿಲವರೆಗೆ ಹೋಗಿ, ಮಗಳು ಬುತ್ತಿ ಮರೆತಿದ್ದಳು ಎಂದು ಬುತ್ತಿ ಕೊಟ್ಟು ಬಂದಳು. ಇನ್ನೊಂದು ದಿನ ಹೋಗಿ ಮಾಸ್ತರರ ಮಗುವಿನ ಜ್ವರ ವಿಚಾರಿಸಿ ಬಂದಳು. ಮೂರನೆಯ ದಿನ ಮಾಸ್ತರರೇ ಏನಮ್ಮ ಬಂದದ್ದು ಎಂದು ಕೇಳಿದರು. ಏನಿಲ್ಲ, ಹೀಗೇ ಈ ಕಡೆ ಬಂದಿದ್ದೆ ಎಂದಳು. ಮಾಸ್ತರರು ಕೆಟ್ಟವರೇನಲ್ಲ. ಅವರಿಗೆ ಕಲಿಸಿದವರು ಹಾಗೆ ಕಲಿಸಿದ್ದರು, ಅವರೂ ಹಾಗೇ ಕಲಿಸುತ್ತಿದ್ದರು. ಕೇಳಬೇಕಾದ ಮಾತು ಅವಳ ಗಂಟಲಿಗೆ ಬರುತ್ತಿತ್ತು, ನಾನು ಯಾರು ಕೇಳಲಿಕ್ಕೆ ಎಂದುಕೊಳ್ಳುತ್ತಲೇ ಕೆಳಗಿಳಿಯುತ್ತಿತ್ತು. ಹೀಗೆ ಒಂದು ತಿಂಗಳು ಕಳೆಯಿತು.

ಆ ವಾರದ ಸಂತೆಗೆ ಅವಳೇ ಕಂಬಳಿ ಹೊತ್ತುಕೊಂಡು ಹೋದಳು. ಕುರಿ ಕಾಯುವವನೊಬ್ಬ ಬಂದು ಒಂದು ಕಂಬಳಿಯನ್ನು ಆರಿಸಿದ. ಕಂಬಳಿ ಕೊಳ್ಳುವುದಕ್ಕೆ ಆ ಕಡೆ ಒಂದು ಪದ್ಧತಿ ಇದೆ, ಅಡವೀಶ. ಕೊಳ್ಳುವವನು ಎರಡು ಮೂಲೆ ಹಿಡಿಯುತ್ತಾನೆ, ಮಾಡಿದವರು ಎರಡು ಮೂಲೆ ಹಿಡಿಯುತ್ತಾರೆ. ನಡುವೆ ಒಂದು ಕೊಡ ನೀರು ಸುರಿಯುತ್ತಾರೆ. ಆಮೇಲೆ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟು ಹೊತ್ತು ಇಬ್ಬರೂ ಕಾಯಬೇಕು. ಸುರಿದ ಕೂಡಲೇ ಸೋರದಿದ್ದರೆ ಅದು ಗಂಜಿಯ ಗುಣವಿರಬಹುದು. ಕಾದ ಮೇಲೂ ಸೋರದಿದ್ದರೆ ಅದು ನೇಯ್ಗೆಯ ಗುಣ.

ಪಕ್ಕದಲ್ಲಿ ಹಗ್ಗ ಮಾರುವವಳು ಬಂದು ನೀರು ಸುರಿದಳು. ಇಬ್ಬರೂ ಕಾದರು. ಎಲೆಯಡಿಕೆ ಮುಗಿಯುವ ಹೊತ್ತಿಗೆ ಒಂದು ಕಡೆ ಕಂಬಳಿ ಕಪ್ಪಗೆ ನೆನೆದು, ಒಂದು ಹನಿ ಕೆಳಗೆ ಬಿತ್ತು. ಅದರ ಹಿಂದೆ ಇನ್ನೊಂದು. ಇಲ್ಲಿ ಯಾಕೆ ಹೀಗೆ ಎಂದು ಕುರಿಯವನು ಕೇಳಿದ.

ಅವಳಿಗೆ ಆ ಜಾಗ ಗೊತ್ತಿತ್ತು. ಶಾಲೆಯ ಚಿಂತೆಯಲ್ಲಿ ನೂಲು ತೆಳುವಾಗಿತ್ತು, ಅದರ ಮೇಲೆ ಅವಳೇ ಒಂದು ಕೈ ಹೆಚ್ಚಿಗೆ ಗಂಜಿ ಬಳಿದಿದ್ದಳು. ತಪ್ಪು ತಮ್ಮದೇ ಎಂದು ಗೊತ್ತಿರುವವರಿಗೆ ಸಿಟ್ಟು ಬೇಗ ಬರುತ್ತದೆ. ಅವಳಿಗೂ ಬಂತು.

"ಕುರಿ ಕಾಯೋ ನಿನಗ ರಾಟಿ ಗೊತ್ತೈತೇನು, ಮಗ್ಗ ಗೊತ್ತೈತೇನು? ನನಗ ಕೇಳಾಕ ಬಂದಿ."

ಕುರಿಯವನು ಸಿಟ್ಟು ಮಾಡಿಕೊಳ್ಳಲಿಲ್ಲ. ಹಿಡಿದ ಮೂಲೆಗಳನ್ನು ಬಿಡಲೂ ಇಲ್ಲ.

"ರಾಟಿ ಗೊತ್ತಿಲ್ಲಬೇ ಯವ್ವ, ಮಗ್ಗಾನೂ ಗೊತ್ತಿಲ್ಲ. ಮಳಿ ಗೊತ್ತೈತಿ. ಇದನ್ನ ಹೊತ್ಕೊಂಡು ಅಡವ್ಯಾಗ ನಿಲ್ಲಾಂವ ನಾನು."

ಅವಳು ಒಂದು ತಿಂಗಳಿಂದ ಯಾವ ಮಾತಿಗೆ ಹೆದರಿ ಶಾಲೆಯ ಬಾಗಿಲಿಂದ ತಿರುಗಿ ಬರುತ್ತಿದ್ದಳೋ, ಆ ಮಾತನ್ನು ಈಗ ತಾನೇ ಇನ್ನೊಬ್ಬನಿಗೆ ಆಡಿದ್ದಳು. ಆಡಿಸಿಕೊಂಡವನು ಮಾತ್ರ ತಿರುಗಿ ಹೋಗದೆ ಎದುರಿಗೇ ನಿಂತಿದ್ದ. ಅವಳು ನಾಚಿಕೊಂಡು, ಮುಂದಿನ ಸಂತೆಗೆ ಬೇರೆ ಕಂಬಳಿ ತರುತ್ತೇನೆ, ನೀನು ಬೇಕಾದರೆ ಇನ್ನೊಬ್ಬರ ಹತ್ತಿರ ನೋಡು ಎಂದಳು. ಬೇರೆಯವರದು ಬೇಡ, ನೀನು ಮಾಡಿದ್ದೇ ಬೇಕು, ಅದಕ್ಕೇ ತಾನೇ ಇಷ್ಟು ಹೊತ್ತು ಹಿಡಿದು ನಿಂತದ್ದು ಎಂದು ಹೇಳಿ ಅವನು ಹೋದ.

ಮನೆಗೆ ನಡೆಯುವ ದಾರಿಯಲ್ಲಿ ಅವಳಿಗೆ ಹಳೆಯದೆಲ್ಲ ನೆನಪಾಯಿತು. ಹೊಸದಾಗಿ ಮದುವೆಯಾಗಿ ಬಂದಾಗ ಅವಳ ನೂಲು ಗಂಟು ಗಂಟಾಗಿರುತ್ತಿತ್ತು. ಅದನ್ನು ತಿದ್ದಿದವರು ಅತ್ತೆಯೊಬ್ಬಳೇ ಅಲ್ಲ. ಸಂತೆಯಿಂದ ಸಂತೆಗೆ ನೀರು ಸುರಿದು ಕೇಳಿದವರು ಎಷ್ಟು ಜನ. ಅವರಲ್ಲಿ ಒಬ್ಬರಿಗೂ ನೂಲಲು ಬರುತ್ತಿರಲಿಲ್ಲ. ಅವರು ಕೇಳದೆ ಹೋಗಿದ್ದರೆ ಅವಳು ಇಂದಿಗೂ ಗಂಟು ನೂಲನ್ನೇ ನೂತು ಗಂಜಿ ಬಳಿಯುತ್ತಿದ್ದಳು. ಕೇಳಿದ್ದರಿಂದ ತನ್ನ ಮರ್ಯಾದೆ ಹೋಯಿತೇ ಎಂದು ಯೋಚಿಸಿದಳು. ಹೋಗಿರಲಿಲ್ಲ, ಕೈ ಪಳಗಿತ್ತು.

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೋದಳು. ಈ ಸಲ ಕೈಯಲ್ಲಿ ಬುತ್ತಿ ಇರಲಿಲ್ಲ. ನೇರವಾಗಿ ಒಳಗೆ ಹೋಗಿ ನಿಂತಳು. ಮಕ್ಕಳ ಪಾಠ ನಿಂತಿತು. ಒಬ್ಬೊಬ್ಬರನ್ನೇ ಎಬ್ಬಿಸಿ, ಅವರು ಬಾಯಿಪಾಠ ಮಾಡದ ಒಂದು ಹಾಳೆಯನ್ನು ಓದಿಸಿ ನೋಡಿರಿ ಎಂದು ಮಾಸ್ತರರನ್ನು ಕೇಳಿದಳು. ಯಾರಿಗೆ ಬರುವುದಿಲ್ಲವೋ ಅವರನ್ನು ಬಯ್ಯಬೇಡಿರಿ, ಮೊದಲಿಂದ ಕಲಿಸಿರಿ, ಇನ್ನೂ ನಾಲ್ಕು ತಿಂಗಳಿದೆ ಎಂದಳು. ಮಾಸ್ತರರ ಮುಖ ಕೆಂಪಾಯಿತು. ಅವಳು ಇಷ್ಟು ದಿನ ಹೆದರುತ್ತಿದ್ದ ಪ್ರಶ್ನೆಯನ್ನೇ ಅವರು ಕೇಳಿದರು, ನಿನಗೆ ಅಕ್ಷರ ಬರುತ್ತದೆಯೇ ಎಂದು.

"ಬರೂದಿಲ್ರಿ. ಬರದಿದ್ದರ ಏನಾಗತೈತಿ ಅಂತ ಗೊತ್ತೈತ್ರಿ. ನಮ್ಮವ್ವನ ಜಡ್ಡಿನ ಕಾಗದ ನಾಕ ದಿನ ಸೆರಗಿನ್ಯಾಗ ಕಟಗೊಂಡು ತಿರಗೇನಿ. ಆ ಮಳಿಯಾಗ ನನ್ನ ಮಗಳು ನಿಲ್ಲಬಾರದು."

ಅವಳು ನಿಂತಲ್ಲಿಂದ ಕದಲಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಅಡವೀಶ ಕಾದ. ಬರುವಾಗ ತಂದ ಅಸಮಾಧಾನವನ್ನು ಅವನು ಎಲ್ಲೋ ಮರೆತಿದ್ದ, ಈಗ ಅವನಿಗೆ ಮುಂದೇನಾಯಿತು ಎಂದು ತಿಳಿಯಬೇಕಿತ್ತು. ಆ ಮಾಸ್ತರರು ಏನು ಮಾಡಿದರು, ಗುರುಗಳೇ, ಎಂದು ಕೇಳಿದ.

"ಅದು ನನಗಿನ್ನೂ ಗೊತ್ತಿಲ್ಲ, ಅಡವೀಶ. ಸಂಕವ್ವ ತನ್ನ ಎರಡು ಮೂಲೆ ಬೆಳಿಗ್ಗೆಯೇ ಹಿಡಿದಿದ್ದಾಳೆ, ಉಳಿದೆರಡು ನಿನ್ನ ಕಡೆ ಇವೆ."

ಅಡವೀಶ ಎದ್ದು ಸಂಕವ್ವನ ಮನೆಯ ಕಡೆ ಹೊರಟ.