ಮಾತುಗಾರ ಸುಮ್ಮನೆ ನಿಂತದ್ದು

ಕಲ್ಮೇಶನ ಮಾತೆಂದರೆ ಅರಳು ಹುರಿದ ಹಾಗೆ. ಒಂದು ಸಾಲು, ಒಂದು ನಗೆ. ಇನ್ನೊಂದು ಸಾಲು, ಇನ್ನೊಂದು ನಗೆ. ಹಾಸ್ಯಸಂಜೆಯಲ್ಲಿ ಅವನು ಮೈಕಿನ ಮುಂದೆ ಬಂದನೆಂದರೆ ಜನ ಹೊಟ್ಟೆ ಹಿಡಿದುಕೊಂಡೇ ಕೂರುತ್ತಿದ್ದರು.

ಅದು ಮೊದಲಿನ ಮಾತು. ಈಚೆಗೆ ಏನಾಯಿತೋ, ನಗೆ ತೆಳುವಾಗುತ್ತ ಬಂತು. ನಗೆ ಕಡಿಮೆಯಾಯಿತೆಂದು ಅವನು ಸಾಲು ಹೆಚ್ಚಿಸಿದ. ಸಾಲು ಹೆಚ್ಚಾಯಿತೆಂದು ನಗೆ ಇನ್ನೂ ಕಡಿಮೆಯಾಯಿತು.

ಕೊನೆಗೆ ನಗೆಹಬ್ಬದ ಸಂಘಟಕರು ಅವನ ಮುಖ ನೋಡದೆ ಹೇಳಿದರು.

“ಈ ಸಲ ಒಂದು ನೋಡೂಣ್ರಿ. ಮಂದಿ ನಗಲಿಲ್ಲಂದ್ರ ಮುಂದಿನ ವರ್ಷ ಬ್ಯಾರೇದವರನ್ನ ಕರಸ್ತೀವಿ.”

ಕಲ್ಮೇಶನಿಗೆ ಬೇರೆ ಕಸುಬು ಬಾರದು. ಜನರನ್ನು ನಗಿಸುವುದು ಬಿಟ್ಟರೆ ಬೇರೇನೂ ಅವನಿಗೆ ಬೇಕಾಗಿಯೂ ಇರಲಿಲ್ಲ.

ಮರುದಿನವೇ ಅವನು ಮಲಪ್ರಭೆಯ ದಂಡೆಗೆ ಓಡಿದ. ಅಲ್ಲೊಂದು ಸಣ್ಣ ಆಶ್ರಮದಲ್ಲಿ ಅವನ ಗುರು ಅಡವಯ್ಯಜ್ಜನವರು ಇದ್ದರು. ಪ್ರಾಯದಲ್ಲಿ ನಾಟಕ ಕಂಪನಿಯ ಹಾಸ್ಯಪಾತ್ರ ಮಾಡಿ ಊರೂರು ನಗಿಸಿದವರು. ಈಗ ಹೊಳೆಯ ಕಡೆ ಮುಖ ಮಾಡಿ ಸುಮ್ಮನೆ ಕೂರುವುದನ್ನೇ ದೊಡ್ಡ ಕೆಲಸ ಮಾಡಿಕೊಂಡಿದ್ದರು.

“ಅಜ್ಜಾರ, ನನಗ ಹೊಸಾ ಮಾತು ಕೊಡ್ರಿ,” ಎಂದು ಕಲ್ಮೇಶ ಕಾಲಿಗೆ ಬಿದ್ದ.

“ಹಳೇವು ಏನಾದುವು?”

“ಸತ್ತಾವ್ರಿ.”

“ಹೆಣಾ ತೋರಸು.”

ಕಲ್ಮೇಶ ಎದ್ದು ನಿಂತು ಶುರು ಮಾಡಿದ.

“ನಮ್ಮೂರ ಬಸ್ಸು ಹೊತ್ತಿಗೆ ಸರಿಯಾಗಿ ಬರ್ತೈತಿ. ಯಾ ಹೊತ್ತಿಗೆ ಅನ್ನೂದು ಡ್ರೈವರಗೂ ಗೊತ್ತಿಲ್ಲ. ನಮ್ಮಪ್ಪ ಹಗಲಿನ್ಯಾಗ ನನಗ ಒಂದೇಟೂ ಹೊಡದಿಲ್ಲ. ಅಂವಾ ಮನಿಗೆ ಬರ್ತಿದ್ದದ್ದ ಸಂಜೀಕ. ಇನ್ನ ನಮ್ಮ ಸಾಲಿ ಮಾಸ್ತರು ಅಂದ್ರ...”

ಅಜ್ಜ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಮುಂದಿನ ಸಾಲು ಬಂತು, ಬಾಯಿ ಮುಚ್ಚಿಕೊಂಡರು. ಮತ್ತೆ ತೆರೆದರು, ಮತ್ತೆ ಮುಚ್ಚಿದರು. ಬರುವ ನಗೆಯನ್ನು ಎಷ್ಟಂತ ನುಂಗುತ್ತಾರೆ? ಕೊನೆಗೆ ಕೆಮ್ಮು ಬಂತು.

“ನೋಡ್ರಿ, ನೀವೂ ನಗಲಿಲ್ಲ,” ಎಂದ ಕಲ್ಮೇಶ.

“ಊಟದ ಹೊತ್ತಾತು. ನಡಿ.”

ಅಜ್ಜ ತಾವೇ ಬಡಿಸಲು ನಿಂತರು. ತಾಟಿಗೆ ರೊಟ್ಟಿ ಹಾಕಿದರು. ಕಲ್ಮೇಶ ಮುರಿಯುವ ಮೊದಲೇ ಅದರ ಮೇಲೆ ಬದನೆಕಾಯಿ ಪಲ್ಯ ಬಿತ್ತು. ತುತ್ತು ಬಾಯಿಗೆ ಹೋಗುವ ಮೊದಲೇ ಪಲ್ಯದ ಮೇಲೆ ಗೋಧಿ ಹುಗ್ಗಿ. ಹುಗ್ಗಿಯ ಮೇಲೆ ಅನ್ನ, ಅನ್ನದ ಮೇಲೆ ಸಾರು. ಸಾರು ರೊಟ್ಟಿಯ ಕೆಳಗೆ ಹರಿದು ಅವನ ತೊಡೆಗೆ ಬಂತು. ಅಜ್ಜ ಮಜ್ಜಿಗೆಯ ತಂಬಿಗೆ ಎತ್ತಿದರು.

“ಅಜ್ಜಾರ! ಉಣ್ಣಾಕರೆ ಬಿಡ್ರಿ!”

“ಯಾಕೋ, ಅಡಗಿ ಚಲೋ ಆಗಿಲ್ಲೇನು?”

“ಅಡಗಿ ಚಲೋ ಇರಬೇಕ್ರಿ. ರುಚಿ ನೋಡಾಕ ನೀವು ಎಲ್ಲಿ ಬಿಟ್ರಿ?”

ಅಜ್ಜ ತಂಬಿಗೆ ಹಿಡಿದು ಹಾಗೇ ನಿಂತರು.

ಕಲ್ಮೇಶ ತಾಟು ನೋಡಿದ. ಅಜ್ಜನ ಮುಖ ನೋಡಿದ. ಅವನ ಕಿವಿ ಬಿಸಿಯಾಯಿತು.

“ತಿಳೀತ್ರಿ,” ಎಂದ ಮೆಲ್ಲಗೆ. “ಆದ್ರ ತಿಳದ್ರೂ ನನ್ನ ಕೈಲೆ ಆಗೂದಿಲ್ಲ.”

“ಯಾಕ?”

“ಮಾತು ಹೇಳಿ ಸುಮ್ನ ನಿಂತೆ ಅನ್ರಿ. ಆಗ ನಗಿ ಬರಲಿಲ್ಲಂದ್ರ? ಆ ಹೊತ್ತು ನನಗ ಸತ್ತಂಗ ಆಗತೈತ್ರಿ. ಅದಕ್ಕ ಮುಂದಿನ ಮಾತಿಗೆ ಓಡತೀನಿ.”

ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು ಅದು. ಆಡಿದ ಮೇಲೆ ಅವನಿಗೆ ನಾಚಿಕೆಯಾಯಿತು, ಹಗುರವೂ ಆಯಿತು.

“ಒಮ್ಮೆ ಸತ್ತು ನೋಡು,” ಎಂದರು ಅಜ್ಜ.

“ಆಮ್ಯಾಲೆ?”

“ಆಮ್ಯಾಲೆ ಬಂದು ನನಗೂ ಹೇಳು, ಹೆಂಗಿರತೈತಿ ಅಂತ.”

ನಗೆಹಬ್ಬದ ಸಂಜೆ ಸಭಾಭವನ ತುಂಬಿತ್ತು. ಕಲ್ಮೇಶ ಮೈಕಿನ ಮುಂದೆ ಬಂದು ನಿಂತ.

“ನಮ್ಮಪ್ಪ ಹಗಲಿನ್ಯಾಗ ನನಗ ಒಂದೇಟೂ ಹೊಡದಿಲ್ಲ,” ಎಂದ. “ಅಂವಾ ಮನಿಗೆ ಬರ್ತಿದ್ದದ್ದ ಸಂಜೀಕ.”

ಅಷ್ಟು ಹೇಳಿ ಸುಮ್ಮನಾದ.

ಸಭೆಯೂ ಸುಮ್ಮನಿತ್ತು. ಮುಂದಿನ ಸಾಲು ನಾಲಿಗೆಯ ತುದಿಗೆ ಬಂದು ಕುಣಿಯಿತು. ಅವನು ಹಲ್ಲು ಕಚ್ಚಿ ತಡೆದ. ಮುಂದಿನ ಕುರ್ಚಿಗಳಲ್ಲಿದ್ದ ಸಂಘಟಕರು ಕೈಗಡಿಯಾರ ನೋಡಿಕೊಂಡರು. ಮುಗಿಯಿತು ನನ್ನ ಕಥೆ ಅಂದುಕೊಂಡ ಕಲ್ಮೇಶ. ಆದರೂ ಕಾಲು ಕೀಳಲಿಲ್ಲ, ಬಾಯಿ ತೆರೆಯಲಿಲ್ಲ. ಮುಗಿದರೆ ಮುಗಿಯಲಿ ಎಂದು ನಿಂತ.

ಆಗ ಎಲ್ಲೋ ಹಿಂದಿನಿಂದ ಒಬ್ಬ ಹೆಣ್ಣುಮಗಳು, “ಅಯ್ಯ ಶಿವನ!” ಎಂದು ಕಿಸಕ್ಕನೆ ನಕ್ಕಳು.

ಅವಳ ಪಕ್ಕದವಳು ನಕ್ಕಳು. ಆ ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಸಂಘಟಕರು ಗಡಿಯಾರ ಬಿಟ್ಟು ತೊಡೆ ತಟ್ಟಿಕೊಂಡರು. ನಗೆ ಮುಗಿಯಿತು ಅನ್ನುವಷ್ಟರಲ್ಲಿ ಯಾರೋ ತಮ್ಮಪ್ಪನನ್ನು ನೆನೆದು ಮತ್ತೆ ನಕ್ಕರು, ಇಡೀ ಸಭೆ ಅವರ ಹಿಂದೆ ಹೋಯಿತು.

ಕಲ್ಮೇಶ ನಿಂತೇ ಇದ್ದ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುವ ಮುದುಕರನ್ನು ನೋಡಿದ, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಗುವ ಗೆಳತಿಯರನ್ನು ನೋಡಿದ. ಇಷ್ಟು ವರ್ಷ ನಗಿಸಿದವನು ನಗುವ ಮುಖಗಳನ್ನು ಕಂಡೇ ಇರಲಿಲ್ಲ, ಮುಂದಿನ ಸಾಲನ್ನು ಹುಡುಕುವುದೇ ಆಗಿತ್ತು. ಅವನಿಗೆ ತಡೆಯಲಾರದಷ್ಟು ಸಂತೋಷವಾಯಿತು.

ಆ ಸಂಜೆ ಅವನು ಹೇಳಿದ್ದು ಎಂದಿನ ಸಾಲುಗಳಲ್ಲಿ ಅರ್ಧವೂ ಇಲ್ಲ. ಹೊತ್ತು ಮೀರಿದರೂ ಜನ ಏಳಲಿಲ್ಲ. ಸಂಘಟಕರು ಓಡಿ ಬಂದು ಮುಂದಿನ ವರ್ಷದ ಆಹ್ವಾನವನ್ನು ಮೈಕಿನಲ್ಲೇ ಕೊಟ್ಟುಬಿಟ್ಟರು. ಚಪ್ಪಾಳೆ ನಿಲ್ಲುವವರೆಗೂ ಕಲ್ಮೇಶ ಕಾದ, ಈಗ ಅವನಿಗೆ ಕಾಯುವುದು ಬಂದಿತ್ತು.

ಬೆಳಗಾಗುತ್ತಲೇ ಸನ್ಮಾನದ ಶಾಲು ಹೆಗಲಲ್ಲೇ ಇಟ್ಟುಕೊಂಡು ಹೊಳೆದಂಡೆಗೆ ಬಂದ.

“ಅಜ್ಜಾರ, ಗೆದ್ದೆ!”

“ಯಾವಾಗ?”

“ಸಭಾ ಎಲ್ಲಾ ನಕ್ಕಾಗ್ರಿ!”

ಅಡವಯ್ಯಜ್ಜನವರು ಅವನ ಬೆನ್ನ ಮೇಲೆ ಕೈಯಿಟ್ಟರು.

“ಹುಚ್ಚಪ್ಪಾ, ನೀ ಅದಕ್ಕಿಂತ ಮೊದಲ, ಸುಮ್ನ ನಿಂತಾಗನ ಗೆದ್ದಿದ್ದಿ. ಅವರಿಗೆ ಆಮ್ಯಾಲೆ ಗೊತ್ತಾತು.”