ಮನುಷ್ಯಗೋಪುರದ ಫೋಟೋ

"ಅಯ್ಯನವರೇ, ಯಾರು ಎಲ್ಲಿ ತಪ್ಪುತ್ತಾರೆ ಎಂಬುದು ನನಗೆ ಥಟ್ಟನೆ ಕಾಣಿಸುತ್ತದೆ. ಮಠದಲ್ಲಿ ಇನ್ನಾರಿಗೂ ಇಷ್ಟು ನಿಚ್ಚಳವಾಗಿ ಕಾಣಿಸುವುದಿಲ್ಲ. ಇದು ಜ್ಞಾನವೇ ಅಲ್ಲವೇ?" ಎಂದು ಶಿಷ್ಯ ರಾಚಯ್ಯ ಕೇಳಿದ.

"ಭಲೇ! ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು ಗುರು ಅಡವಯ್ಯನವರು.

ಒಬ್ಬ ಫೋಟೋಗ್ರಾಫರ್ ಇದ್ದ. ಯುರೋಪಿನ ಊರೂರು ತಿರುಗಿ ಅಲ್ಲಿಯ ಹಳೆಯ ಆಟ, ಹಬ್ಬ, ಕೈಕಸುಬುಗಳ ಫೋಟೋ ತೆಗೆಯುವುದೇ ಅವನ ಕೆಲಸ. ಒಂದೂರಲ್ಲಿ ಕಲ್ಲುಗುಂಡು ಎತ್ತುವವರು, ಇನ್ನೊಂದೂರಲ್ಲಿ ಮರದ ಮುಖವಾಡ ಕೆತ್ತುವವರು. ಸುಳ್ಳು ಹೇಳಬಾರದು, ಅವನ ಕಣ್ಣು ಬಲು ಚುರುಕು. ಆದರೆ ಯಾವುದಕ್ಕೂ ಕೈ ಹಚ್ಚಿದವನಲ್ಲ. 'ನಾನು ನೋಡುವವನು, ಅಷ್ಟೇ' ಎನ್ನುತ್ತಿದ್ದ. ಹಾಗೆನ್ನುವಾಗ ಅವನಿಗೆ ಒಳಗೊಳಗೇ ಹೆಮ್ಮೆ.

ಒಮ್ಮೆ ಅವನು ಕಡಲತೀರದ ಒಂದು ಊರಿಗೆ ಬಂದ. ಅಲ್ಲಿಯ ಹಬ್ಬದಲ್ಲಿ ಜನ ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಮನೆಯೆತ್ತರದ ಗೋಪುರ ಕಟ್ಟುತ್ತಾರೆ. ತುದಿಗೆ ಏರುವುದು ಒಂದು ಚಿಕ್ಕ ಮಗು. ಎಲ್ಲರೂ ನೋಡುವುದು ಆ ಮಗುವನ್ನು. ಗೋಪುರ ನಿಲ್ಲುವುದು ಮಾತ್ರ ಬುಡದ ಜನರಿಂದ. ಅವರು ಸುತ್ತುಗಟ್ಟಿ, ಮುಂದಿನವರ ಬೆನ್ನಿಗೆ ಎದೆಯೊತ್ತಿ, ಕೈಚಾಚಿ ಬಿಗಿಯಾಗಿ ಒತ್ತಿ ಹಿಡಿಯುತ್ತಾರೆ. ಮೇಲಿನವರು ಬಿದ್ದರೆ ಬೀಳುವುದೂ ಅವರ ಮೇಲೆಯೇ. ಬೇರೆ ಊರಿನವರೂ ಆ ಸುತ್ತಿಗೆ ಸೇರಬಹುದು.

ಫೋಟೋಗ್ರಾಫರನಿಗೆ ಬುಡದಿಂದಲೇ ಫೋಟೋ ಬೇಕಾಗಿತ್ತು. ಗುಂಪಿನ ಯಜಮಾನನನ್ನು ಹೋಗಿ ಕೇಳಿದ.

"ನೋಡುವುದಾದರೆ ಎದುರುಮನೆಯ ಮಹಡಿಗೆ ಹೋಗಪ್ಪ. ಇಲ್ಲಿ ನಿಂತರೆ ನಿನ್ನ ಕೈ ನಮ್ಮದು. ಇವತ್ತು ತುದಿಗೆ ಏರುವವಳು ನನ್ನ ಮೊಮ್ಮಗಳು" ಎಂದ ಆ ಮುದುಕ.

"ಆಗಲಿ ಯಜಮಾನರೇ, ಹಿಡಿಯುತ್ತೇನೆ" ಎಂದು ಅವನು ಕ್ಯಾಮೆರಾವನ್ನು ಬಗಲಿಗೆ ನೇತುಹಾಕಿಕೊಂಡು ಸುತ್ತಿನಲ್ಲಿ ಸೇರಿಕೊಂಡ.

ಗೋಪುರ ಎದ್ದಿತು. ವಾದ್ಯ ಮೊಳಗಿತು. ಹುಡುಗಿ ಸರಸರನೆ ಏರಿ ತುದಿಯಲ್ಲಿ ಕೈಯೆತ್ತಿದಳು. ಅಬ್ಬಾ, ಎಂಥ ನೋಟ! ಅವನಿಗೆ ತಡೆಯಲಾಗಲಿಲ್ಲ. 'ಇಷ್ಟು ಜನರ ಕೈಯಿದೆ, ಒಂದು ಗಳಿಗೆ ನನ್ನದಿಲ್ಲದಿದ್ದರೆ ಏನು ಮಹಾ' ಎಂದುಕೊಂಡ. ಕೈ ಬಿಟ್ಟ. ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಫೋಟೋ ತೆಗೆದ. ಮತ್ತೆ ಕೈ ಚಾಚುವಷ್ಟರಲ್ಲಿ ಮುಂದಿನವರು ಹಿಂದಕ್ಕೆ ಜರುಗಿದ್ದರು. ಗೋಪುರ ನಡುಗಿತು, ವಾಲಿತು, ಕುಸಿಯಿತು. ಹುಡುಗಿ ಜನರ ತೋಳುಗಳ ಮೇಲೆ ಬಿದ್ದಳು. ದೇವರು ದೊಡ್ಡವನು, ಜೀವಕ್ಕೇನೂ ಆಗಲಿಲ್ಲ. ಆದರೆ ಬಲಗೈ ಮುರಿಯಿತು.

ಸಂಜೆ ಅವನು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಸುತ್ತಿನ ಎದುರು ಬದಿಯಲ್ಲಿ ಕೆಲವರು ಕೈ ಬಿಟ್ಟು ಫೋನ್ ಎತ್ತಿ ಹಿಡಿದಿದ್ದರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಮಗುವಿನ ಬಗ್ಗೆ ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ನೆಟ್ಟಗೆ ಮುದುಕನ ಮನೆಗೆ ಓಡಿದ. ಮುದುಕ ಮೊಮ್ಮಗಳಿಗೆ ತುತ್ತು ಕೊಡುತ್ತ ಕುಳಿತಿದ್ದ.

"ನೋಡಿ ಯಜಮಾನರೇ, ನಿಮ್ಮ ಮಗುವನ್ನು ಬೀಳಿಸಿದವರು ಇವರೇ! ಒಬ್ಬೊಬ್ಬರ ಮುಖವೂ ಇದರಲ್ಲಿದೆ" ಎಂದ.

ಮುದುಕ ಫೋಟೋವನ್ನು ಬಹಳ ಹೊತ್ತು ನೋಡಿದ. ಅವನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

"ಚೆನ್ನಾಗಿ ಬಂದಿದೆ. ಇದನ್ನು ತೆಗೆಯುವಾಗ ನಿನ್ನ ಕೈ ಎಲ್ಲಿತ್ತಪ್ಪ?" ಎಂದು ಕೇಳಿದ.

ಫೋಟೋಗ್ರಾಫರನ ಮುಖ ಇಳಿದುಹೋಯಿತು. ತಾನೂ ಕೈ ಬಿಟ್ಟವನೇ ಎಂಬುದು ಆ ಮಾತು ಕೇಳುವವರೆಗೆ ಅವನ ಮನಸ್ಸಿಗೇ ಬಂದಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ. ಹುಡುಗಿಯ ಕಡೆ ತಿರುಗಿ ನೋಡುವ ಧೈರ್ಯವಾಗದೆ ಬಾಗಿಲ ಬಳಿಯೇ ನಿಂತುಬಿಟ್ಟ.

ಅಡವಯ್ಯನವರು ಕತೆ ನಿಲ್ಲಿಸಿದರು.

"ಪಾಪ, ಆ ಮಗು! ಎಂಥ ಮನುಷ್ಯ ನೋಡಿ ಅಯ್ಯನವರೇ! ತಾನೇ ಕೈ ಬಿಟ್ಟು ಊರವರ ಮೇಲೆ ಗೂಬೆ ಕೂರಿಸಲು ಬಂದನಲ್ಲ! ಅವನ ತಪ್ಪು ನನಗೆ ಆಗಲೇ ಕಾಣಿಸಿತ್ತು" ಎಂದ ರಾಚಯ್ಯ.

"ಸರಿ, ನೀನೂ ಈಗ ಅವನದೊಂದು ಫೋಟೋ ತೆಗೆದೆಯಲ್ಲ. ನಿನ್ನ ಕೈ ಎಲ್ಲಿತ್ತಪ್ಪ?" ಎಂದರು ಗುರುಗಳು.